ಡ್ರೈ ವೈನ್ ಒಮ್ಮೊಮ್ಮೆ ಸಿಹಿ ಅನ್ನಿಸುವುದೇಕೆ?

ಮಸ್ಕಟ್ ದ್ರಾಕ್ಷಿಯ ಬಿಳಿ ವೈನನ್ನು ಗ್ಲಾಸಿಗೆ ಸುರಿದು ಮೂಗಿನ ಹತ್ತಿರ ತಂದರೆ ಗುಲಾಬಿ, ಕಿತ್ತಳೆ ಹೂವು, ಮಾಗಿದ ಹಣ್ಣು ಎಲ್ಲದರ ಪರಿಮಳವೂ ಒಟ್ಟಿಗೇ ಬರುತ್ತದೆ. ಇದು ಸಿಹಿ ವೈನೇ ಸೈ ಎಂದು ಮೂಗು ಆಗಲೇ ತೀರ್ಪು ಕೊಟ್ಟಿರುತ್ತದೆ. ಅಳೆದು ನೋಡಿದರೆ ಅದರಲ್ಲಿ ಲೀಟರಿಗೆ 2 ಗ್ರಾಂ ಸಕ್ಕರೆಯೂ ಇಲ್ಲದಿರಬಹುದು. ಪಕ್ಕದ ಗ್ಲಾಸಿನಲ್ಲಿ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನು ಇದೆ ಎಂದುಕೊಳ್ಳಿ. ಅದರಲ್ಲಿ ಲೀಟರಿಗೆ 15 ಗ್ರಾಂ ಸಕ್ಕರೆ ಇದ್ದರೂ ಮೊದಲ ಗುಟುಕಿಗೆ ಹೆಚ್ಚಿನವರು ಹೇಳುವುದು ‘ಹುಳಿ’ ಎಂದೇ.

ಎರಡೂ ಕಡೆ ನಾಲಗೆ ಸುಳ್ಳು ಹೇಳುತ್ತಿಲ್ಲ, ಅಳತೆಯೂ ತಪ್ಪಿಲ್ಲ. ಡ್ರೈ ಎಂದರೆ ಸಕ್ಕರೆ ಇಲ್ಲ ಅಥವಾ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಇದೆ ಎಂದರ್ಥ, ಅಷ್ಟೇ. ಬಾಯಿಗೆ ಸಿಗುವ ಸಿಹಿ ಮಾತ್ರ ಸಕ್ಕರೆ, ಹುಳಿ, ಆಲ್ಕೋಹಾಲು, ಒಗರು, ತಂಪು, ಪರಿಮಳ ಎಲ್ಲವೂ ಸೇರಿ ಮಾಡುವ ಜಗ್ಗಾಟದ ಫಲ. ಲೇಬಲ್ಲಿನ ಮೇಲಿನ ಪದ ಒಂದನ್ನು ಹೇಳುತ್ತದೆ, ಬಾಯಿ ಇನ್ನೊಂದನ್ನು. ವೈನಿನ ಸಿಹಿಯ ಬಗ್ಗೆ ಇರುವ ಗೊಂದಲವೆಲ್ಲ ಬಹುಪಾಲು ಹುಟ್ಟುವುದು ಇಲ್ಲೇ.

ಮೂಗಿನ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಸಕ್ಕರೆ ಆವಿಯಾಗುವ ವಸ್ತುವಲ್ಲ, ಹಾಗಾಗಿ ಅದಕ್ಕೆ ವಾಸನೆಯಿಲ್ಲ. ವಾಸನೆಯಿಂದ ಸಿಹಿ ಗೊತ್ತಾಯಿತು ಅನ್ನಿಸಿದರೆ ಅದು ನೆನಪಿನ ಕೆಲಸ: ಈ ಪರಿಮಳ ಇರುವ ಹಣ್ಣುಗಳೆಲ್ಲ ಸಿಹಿಯಾಗಿದ್ದವು, ಇದೂ ಹಾಗೇ ಇರಬೇಕು ಎಂಬ ಊಹೆ. ಮಸ್ಕಟ್, ಗೆವುರ್ಟ್ಸ್‌ಟ್ರಮೀನರ್, ವಿಯೊನಿಯೇ ದ್ರಾಕ್ಷಿಗಳ ವೈನು ಜನರನ್ನು ಏಮಾರಿಸುವುದು ಹೀಗೆ. ಹೊಸ ಓಕ್ ಪೀಪಾಯಿಯಲ್ಲಿಟ್ಟ ವೈನಿಗೆ ಮರದಿಂದ ವೆನಿಲ್ಲಾ ಪರಿಮಳ ಬರುವುದರಿಂದ ಅದೂ ಸಿಹಿ ಅನ್ನಿಸುತ್ತದೆ. ಪರೀಕ್ಷೆ ಸುಲಭ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಗುಟುಕನ್ನು ಬಾಯಿಯ ತುಂಬ ಆಡಿಸಿ ನುಂಗಿ. ಮೂಗು ಬಿಡುವ ಮೊದಲು ಬಾಯಲ್ಲಿ ಉಳಿದಿದ್ದು ಮಾತ್ರ ನಿಜವಾದ ಸಿಹಿ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಹನಿಗಳ ಸಾಲನ್ನು ತೋರಿಸಿ ‘ನೋಡಿ, ಎಷ್ಟು ಸಿಹಿ ವೈನು’ ಎನ್ನುವವರ ಮಾತಿಗೂ ತಲೆಯಾಡಿಸಬೇಕಿಲ್ಲ. ಅದು ಮುಖ್ಯವಾಗಿ ಆಲ್ಕೋಹಾಲು ನೀರಿಗಿಂತ ಬೇಗ ಆವಿಯಾಗುವುದರಿಂದ ಆಗುವಂಥದ್ದು.

ಸಕ್ಕರೆ ಉಳಿಯುವ ಬಗೆ

ದ್ರಾಕ್ಷಿರಸದಲ್ಲಿರುವುದು ಮುಖ್ಯವಾಗಿ ಗ್ಲುಕೋಸ್ ಮತ್ತು ಫ್ರುಕ್ಟೋಸ್, ಹೆಚ್ಚುಕಡಿಮೆ ಸಮಪಾಲು. ಯೀಸ್ಟು ಇವನ್ನು ತಿಂದು ಆಲ್ಕೋಹಾಲು ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ. 1ರಷ್ಟು ಆಲ್ಕೋಹಾಲು ಬರುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ರಸದಲ್ಲಿ ಲೀಟರಿಗೆ 220 ಗ್ರಾಂ ಸಕ್ಕರೆ ಇದ್ದು ಎಲ್ಲವೂ ಹುದುಗಿದರೆ ಸುಮಾರು ಶೇ. 13ರ ಡ್ರೈ ವೈನು. ಅದೇ ರಸವನ್ನು ಶೇ. 8ಕ್ಕೆ ನಿಲ್ಲಿಸಿದರೆ 136 ಗ್ರಾಂ ಖರ್ಚಾಗಿ ಲೀಟರಿಗೆ 84 ಗ್ರಾಂ ಉಳಿಯುತ್ತದೆ. ಅಂಗಡಿಯಲ್ಲಿ ನಿಂತು ಲೇಬಲ್ ತಿರುಗಿಸಿ ನೋಡುವವರಿಗೆ ಇದರಿಂದ ಒಂದು ಸುಳಿವು ಸಿಗುತ್ತದೆ. ಆಲ್ಕೋಹಾಲು ಶೇ. 7ರಿಂದ 10ರ ಒಳಗಿದ್ದರೆ ಸಕ್ಕರೆ ಉಳಿದಿರುವ ಸಾಧ್ಯತೆ ಹೆಚ್ಚು. ಶೇ. 12ರಿಂದ 14.5 ಇದ್ದರೆ ಡ್ರೈ ಇರುವ ಸಾಧ್ಯತೆ ಹೆಚ್ಚು. ಶೇ. 17 ದಾಟಿದ್ದರೆ ಸಾಮಾನ್ಯವಾಗಿ ಅದಕ್ಕೆ ಸ್ಪಿರಿಟ್ (ಬಟ್ಟಿ ಇಳಿಸಿದ ಮದ್ಯ) ಬೆರೆಸಿರುತ್ತಾರೆ, ಆಗ ಈ ಲೆಕ್ಕ ನಡೆಯುವುದಿಲ್ಲ.

ಪೂರ್ತಿ ಸೊನ್ನೆ ಎಂಬುದು ಮಾತ್ರ ಎಲ್ಲೂ ಇಲ್ಲ. ಅರಾಬಿನೋಸ್, ಕ್ಸೈಲೋಸ್‌ನಂಥ ಕೆಲವು ಸಕ್ಕರೆಗಳನ್ನು ವೈನಿನ ಯೀಸ್ಟು ಮುಟ್ಟುವುದೇ ಇಲ್ಲ. ಎಷ್ಟೇ ಡ್ರೈ ವೈನಿನಲ್ಲೂ ಲೀಟರಿಗೆ 1 ಗ್ರಾಂ ಆಸುಪಾಸು ಉಳಿಯುವುದು ಇದರಿಂದಲೇ. ಅಷ್ಟು ನಾಲಗೆಗೆ ಸಿಗುವುದಿಲ್ಲ.

ಯೀಸ್ಟು ಮೊದಲು ಖಾಲಿ ಮಾಡುವುದು ಗ್ಲುಕೋಸನ್ನು, ಫ್ರುಕ್ಟೋಸ್ ಹಿಂದೆ ಬೀಳುತ್ತದೆ. ಫ್ರುಕ್ಟೋಸಿನ ಸಿಹಿ ಗ್ಲುಕೋಸಿಗಿಂತ ಬಹಳ ಜಾಸ್ತಿ. ಆದ್ದರಿಂದ ಹುದುಗುವಿಕೆ ಕೊನೆಯ ಹಂತದಲ್ಲಿ ನಿಂತುಹೋದ ವೈನಿನಲ್ಲಿ ಉಳಿದ 10 ಗ್ರಾಂ, ದ್ರಾಕ್ಷಿರಸ ಬೆರೆಸಿ ತಂದ 10 ಗ್ರಾಂಗಿಂತ ಸಿಹಿಯಾಗಿರುತ್ತದೆ. ಅಂಕಿ ಒಂದೇ ಇದ್ದರೂ ಬಾಯಿಗೆ ಬೇರೆ.

ಬೇಕೆಂದೇ ಸಿಹಿ ಉಳಿಸಿಕೊಳ್ಳುವುದಕ್ಕೆ ದಾರಿ ಹಲವಿವೆ. ಮೋಸೆಲ್‌ನಂಥ ಕಡೆ ತೊಟ್ಟಿಯನ್ನು ತಣ್ಣಗೆ ಮಾಡಿ, ಗಂಧಕದ ಡೈಆಕ್ಸೈಡ್ ಹಾಕಿ, ಯೀಸ್ಟನ್ನು ಸೋಸಿ ತೆಗೆಯುತ್ತಾರೆ. ಪೋರ್ಚುಗಲ್ಲಿನ ಡೌರೋ ಕಣಿವೆಯಲ್ಲಿ ಪೋರ್ಟ್ ಎಂಬ ಸಿಹಿ, ಗಡುಸು ವೈನು ಮಾಡುವವರು ಸುಮಾರು ಅರ್ಧ ಸಕ್ಕರೆ ಹುದುಗಿದ ಹೊತ್ತಿಗೆ ಶೇ. 77ರ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. 435 ಲೀಟರ್ ಹುದುಗುತ್ತಿರುವ ರಸಕ್ಕೆ 115 ಲೀಟರ್ ಸ್ಪಿರಿಟ್, ಒಟ್ಟು 550 ಲೀಟರಿನ ಒಂದು ಪೀಪಾಯಿ ಎಂಬುದು ಅಲ್ಲಿಯ ಹಳೆಯ ಲೆಕ್ಕ. ಆಲ್ಕೋಹಾಲು ಒಮ್ಮೆಲೇ ಶೇ. 20ಕ್ಕೆ ಏರಿದಾಗ ಯೀಸ್ಟು ಸಾಯುತ್ತದೆ, ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಹಾಗೇ ಉಳಿಯುತ್ತದೆ.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಸೋಜಿಗದ್ದು: ಯೀಸ್ಟಿಗೆ ತಿನ್ನಲಾಗದಷ್ಟು ಸಕ್ಕರೆ ರಸದಲ್ಲೇ ಇರುವಂತೆ ಮಾಡುವುದು. ಫ್ರಾನ್ಸಿನ ಸೊತೆರ್ನ್‌ನಲ್ಲಿ ತಣ್ಣನೆಯ ಸಿರೋನ್ ತೊರೆ ಬೆಚ್ಚಗಿನ ಗರೋನ್ ನದಿಗೆ ಸೇರುವ ಕಡೆ ಶರತ್ಕಾಲದ ಬೆಳಗ್ಗೆ ಮಂಜು ಕವಿಯುತ್ತದೆ, ಮಧ್ಯಾಹ್ನ ಬಿಸಿಲು ಬರುತ್ತದೆ. ಮಂಜಿಗೆ ಬೊಟ್ರೈಟಿಸ್ ಸಿನೇರಿಯಾ ಎಂಬ ಬೂಷ್ಟು ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ರಂಧ್ರ ಕೊರೆಯುತ್ತದೆ, ಬಿಸಿಲಿಗೆ ಅಲ್ಲಿಂದ ನೀರು ಆರುತ್ತದೆ. ಬಿಸಿಲು ಬಾರದೆ ಮಳೆ ಹಿಡಿದರೆ ಅದೇ ಬೂಷ್ಟು ಬೆಳೆಯನ್ನು ಕೊಳೆಸಿಬಿಡುತ್ತದೆ. ಹಂಗೇರಿಯ ಟೋಕಾಯ್‌ನಲ್ಲಿ ಇಂಥ ಹಣ್ಣಿನಿಂದ ಮಾಡುವ ಅಸೂ ವೈನಿನಲ್ಲಿ ಈಗಿನ ನಿಯಮದಂತೆ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಇರಬೇಕು. ರಾಶಿ ಹಾಕಿದ ಹಣ್ಣು ತನ್ನ ಭಾರಕ್ಕೇ ತೊಟ್ಟಿಕ್ಕಿಸುವ ರಸದಿಂದ ಬರುವ ಎಸೆನ್ಸಿಯಾಕ್ಕೆ ಕನಿಷ್ಠ 450 ಗ್ರಾಂ. ಆ ಪಾಕದಲ್ಲಿ ಯೀಸ್ಟಿನ ಕೋಶದೊಳಗಿನ ನೀರೇ ಹೊರಗೆ ಎಳೆದುಹೋಗುವುದರಿಂದ ವರ್ಷಗಟ್ಟಲೆ ಬಿಟ್ಟರೂ ಕೆಲವೇ ಶೇಕಡಾ ಆಲ್ಕೋಹಾಲು ಹುಟ್ಟುತ್ತದೆ. ಹಿಮದ ವೈನಿಗೆ ಹಣ್ಣು ಬಳ್ಳಿಯಲ್ಲೇ ಹೆಪ್ಪುಗಟ್ಟಬೇಕು. ಜರ್ಮನಿಯಲ್ಲಿ ಮೈನಸ್ 7 ಡಿಗ್ರಿ, ಕೆನಡಾದಲ್ಲಿ ಮೈನಸ್ 8 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇಳಿದ ಮೇಲೆಯೇ ಕೊಯ್ಲು. ಹಿಂಡಿದಾಗ ನೀರು ಮಂಜುಗಡ್ಡೆಯಾಗಿ ಹಿಂದೆ ಉಳಿದು ಗಟ್ಟಿ ರಸ ಮಾತ್ರ ಇಳಿಯುತ್ತದೆ.

ಲೇಬಲ್ಲಿನ ಪದಗಳು

ಐರೋಪ್ಯ ಒಕ್ಕೂಟದ ನಿಯಮದಲ್ಲಿ, ನೊರೆಯಿಲ್ಲದ ಸಾಮಾನ್ಯ ವೈನಿಗೆ ಡ್ರೈ ಎನ್ನಬೇಕಾದರೆ ಲೀಟರಿಗೆ 4 ಗ್ರಾಂ ಮೀರಬಾರದು. ಫ್ರಾನ್ಸಿನಲ್ಲಿ ಇದೇ ಸೆಕ್, ಜರ್ಮನಿಯಲ್ಲಿ ಟ್ರೋಕನ್. ಆದರೆ ಇದಕ್ಕೊಂದು ವಿನಾಯಿತಿ ಇದೆ, ಅದೇ ಮುಖ್ಯ. ವೈನಿನ ಆಮ್ಲ ಸಾಕಷ್ಟಿದ್ದರೆ 9 ಗ್ರಾಂವರೆಗೂ ಡ್ರೈ ಎಂದೇ ಬರೆಯಬಹುದು. ಷರತ್ತು ಇಷ್ಟೇ, ಸಕ್ಕರೆ ಆಮ್ಲಕ್ಕಿಂತ 2 ಗ್ರಾಂಗಿಂತ ಹೆಚ್ಚು ಮುಂದಿರಬಾರದು. ಲೀಟರಿಗೆ 8 ಗ್ರಾಂ ಸಕ್ಕರೆ, 6.5 ಗ್ರಾಂ ಆಮ್ಲ ಇದ್ದರೆ ಅದು ಕಾನೂನಿನ ಕಣ್ಣಿಗೆ ಡ್ರೈ. ಅದೇ 8 ಗ್ರಾಂ ಸಕ್ಕರೆಗೆ 5 ಗ್ರಾಂ ಆಮ್ಲ ಇದ್ದರೆ ಅಲ್ಲ. ಸಕ್ಕರೆಯನ್ನು ಒಂಟಿಯಾಗಿ ಅಳೆದರೆ ರುಚಿ ಗೊತ್ತಾಗುವುದಿಲ್ಲ ಎಂಬುದನ್ನು ಕಾನೂನು ಬರೆದವರೇ ಒಪ್ಪಿಕೊಂಡಂತಾಯಿತು. ಅದರ ಮೇಲೆ 12 ಗ್ರಾಂವರೆಗೆ ಮೀಡಿಯಂ ಡ್ರೈ (ಆಮ್ಲ ಹೆಚ್ಚಿದ್ದರೆ 18), 45ರವರೆಗೆ ಮೀಡಿಯಂ ಸ್ವೀಟ್, ಅಲ್ಲಿಂದಾಚೆ ಸ್ವೀಟ್.

ನೊರೆ ವೈನಿನ ಪಟ್ಟಿ ಬೇರೆ, ಅದರಲ್ಲಿ ಎಡವದವರು ಕಡಿಮೆ. ಬ್ರೂಟ್ ನೇಚರ್ ಎಂದರೆ 3 ಗ್ರಾಂಗಿಂತ ಕಡಿಮೆ, ಮೇಲಿಂದ ಸಕ್ಕರೆ ಹಾಕಿರಬಾರದು. ಎಕ್ಸ್‌ಟ್ರಾ ಬ್ರೂಟ್ 6ರವರೆಗೆ, ಬ್ರೂಟ್ 12ಕ್ಕಿಂತ ಕಡಿಮೆ. ಎಕ್ಸ್‌ಟ್ರಾ ಡ್ರೈ 12ರಿಂದ 17, ಸೆಕ್ ಅಥವಾ ಡ್ರೈ 17ರಿಂದ 32, ಡೆಮಿ-ಸೆಕ್ 32ರಿಂದ 50, ಡೂ ಎಂದರೆ 50ರ ಮೇಲೆ. ಅಂದರೆ ಎಕ್ಸ್‌ಟ್ರಾ ಡ್ರೈ ಎಂದು ಬರೆದದ್ದು ಬ್ರೂಟ್‌ಗಿಂತ ಸಿಹಿ. ಸಾಮಾನ್ಯ ವೈನಿನಲ್ಲಿ ಸೆಕ್ ಎಂದರೆ 4 ಗ್ರಾಂ, ಶಾಂಪೇನಿನಲ್ಲಿ ಸೆಕ್ ಎಂದರೆ 30 ಗ್ರಾಂ ಇರಬಹುದು.

ಈ ವಿಚಿತ್ರಕ್ಕೆ ಕಾರಣ ಚರಿತ್ರೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಶಾಂಪೇನ್ ಇವತ್ತಿನ ಲೆಕ್ಕದಲ್ಲಿ ಪಾನಕ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ ಹಡಗಿನಲ್ಲಿ 168 ಶಾಂಪೇನ್ ಬಾಟಲಿಗಳು ಸಿಕ್ಕವು. ಸುಮಾರು 170 ವರ್ಷ ತಳದಲ್ಲಿದ್ದ ಆ ವೈನಿನಲ್ಲಿ ಲೀಟರಿಗೆ 140 ಗ್ರಾಂಗಿಂತ ಹೆಚ್ಚು ಸಕ್ಕರೆ ಇತ್ತು. ಕೋಲಾದಲ್ಲೂ ಅಷ್ಟಿರುವುದಿಲ್ಲ, ಅದರಲ್ಲಿ 100 ಗ್ರಾಂ ಆಸುಪಾಸು. ಅಂಥ ಕಾಲದಲ್ಲಿ 30 ಗ್ರಾಂ ಇದ್ದದ್ದನ್ನು ಡ್ರೈ ಎಂದು ಕರೆದದ್ದು ಸಹಜವೇ. ಆಮೇಲೆ ರುಚಿ ಡ್ರೈ ಕಡೆಗೆ ಸರಿದಂತೆ ಹಳೆಯ ಪದಗಳನ್ನು ಬಿಡದೆ ಕೆಳಗೆ ಹೊಸ ಪದಗಳನ್ನು ಸೇರಿಸುತ್ತ ಹೋದರು.

ಜರ್ಮನ್ ಲೇಬಲ್ಲಿನ ಕಾಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ ಎಂಬ ಶ್ರೇಣಿಯೂ ಸಿಹಿಯ ಮೆಟ್ಟಿಲೆಂದು ತಪ್ಪು ತಿಳಿಯುವವರು ಬಹಳ. ಅದು ಕೊಯ್ಲಿನ ದಿನ ಹಣ್ಣಿನ ರಸದಲ್ಲಿದ್ದ ಸಕ್ಕರೆಯ ಅಳತೆ, ಬಾಟಲಿಯಲ್ಲಿರುವುದರದ್ದಲ್ಲ. ಶ್ಪೇಟ್‌ಲೇಸೆ ಟ್ರೋಕನ್ ಎಂದಿದ್ದರೆ ಆ ಸಕ್ಕರೆಯೆಲ್ಲ ಹುದುಗಿ ವೈನು ಡ್ರೈ ಆಗಿದೆ, ಆಲ್ಕೋಹಾಲು ಹೆಚ್ಚಿದೆ ಎಂದರ್ಥ. ಫೈನ್‌ಹೆರ್ಬ್ ಎಂಬ ಪದಕ್ಕೆ ಕಾನೂನಿನ ಅಂಕಿಯೇ ಇಲ್ಲ, ಸ್ವಲ್ಪ ಸಿಹಿ ಇರುತ್ತದೆ ಎಂದಷ್ಟೇ ಅಂದುಕೊಳ್ಳಬೇಕು. 2023ರ ಡಿಸೆಂಬರ್ 8ರ ನಂತರ ತಯಾರಾಗಿ ಐರೋಪ್ಯ ಒಕ್ಕೂಟದಲ್ಲಿ ಮಾರುವ ವೈನಿಗೆ ಪೋಷಕಾಂಶದ ವಿವರ ಕಡ್ಡಾಯವಾಗಿದೆ. ಬಾಟಲಿಯ ಹಿಂದಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಚ್ಚಾಗಿ 100 ಮಿಲಿಗೆ ಎಷ್ಟು ಸಕ್ಕರೆ ಎಂದು ಸಿಗುತ್ತದೆ. ಹತ್ತರಿಂದ ಗುಣಿಸಿದರೆ ಲೀಟರಿನ ಲೆಕ್ಕ. ಪದಗಳ ಜತೆ ಗುದ್ದಾಡುವುದಕ್ಕಿಂತ ಇದು ವಾಸಿ.

ಸಕ್ಕರೆ ಕಡಿಮೆ ಎಂಬ ಕಾರಣಕ್ಕೆ ಡ್ರೈ ವೈನನ್ನು ಹಗುರ ಪಾನೀಯ ಎಂದುಕೊಳ್ಳುವುದೂ ಇದೆ. ಶೇ. 13ರ ಡ್ರೈ ವೈನಿನ 150 ಮಿಲಿ ಗ್ಲಾಸಿನಲ್ಲಿ ಸಕ್ಕರೆ ಅರ್ಧ ಗ್ರಾಂ ಇರಬಹುದು, ಆಲ್ಕೋಹಾಲು ಮಾತ್ರ 15 ಗ್ರಾಂ. ಗ್ರಾಂಗೆ 7 ಕ್ಯಾಲೊರಿಯಂತೆ ಅದೇ ನೂರು ದಾಟುತ್ತದೆ.

ಬಾಯಲ್ಲಿ ನಡೆಯುವುದು

ಸಿಹಿಯನ್ನು ಎದುರಿಸುವುದರಲ್ಲಿ ಹುಳಿಗೆ ಮೊದಲ ಸ್ಥಾನ. ಇದನ್ನು ತಿಳಿಯಲು ವೈನೇ ಬೇಕಿಲ್ಲ. ಮೂರು ಗ್ಲಾಸುಗಳಲ್ಲಿ 200 ಮಿಲಿಯಷ್ಟು ನೀರು ತೆಗೆದುಕೊಂಡು ಒಂದೊಂದಕ್ಕೂ 4 ಗ್ರಾಂ ಸಕ್ಕರೆ ಕರಗಿಸಿ. ಲೀಟರಿಗೆ 20 ಗ್ರಾಂ ಆಯಿತು. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ 0.6 ಗ್ರಾಂ, ಮೂರನೆಯದಕ್ಕೆ 1.4 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ. ಮೊದಲನೆಯದು ಸಪ್ಪೆ ಸಕ್ಕರೆ ನೀರು, ಎರಡನೆಯದು ಹಿತವಾದ ಹುಳಿಸಿಹಿ, ಮೂರನೆಯದರಲ್ಲಿ ಹುಳಿಯೇ ಮುಂದೆ. ಮೂರರಲ್ಲೂ ಸಕ್ಕರೆ ಅಷ್ಟೇ ಇದೆ. ಮೂರನೆಯ ಗ್ಲಾಸೇ ಮೋಸೆಲ್ ರೀಸ್ಲಿಂಗ್‌ನ ಒಳಗುಟ್ಟು.

ಇಂಟರ್‌ನ್ಯಾಷನಲ್ ರೀಸ್ಲಿಂಗ್ ಫೌಂಡೇಶನ್ ರೂಪಿಸಿದ ಅಳತೆಪಟ್ಟಿ ನಿಂತಿರುವುದೂ ಈ ತತ್ತ್ವದ ಮೇಲೆಯೇ. ಸಕ್ಕರೆಯನ್ನು ಆಮ್ಲದಿಂದ ಭಾಗಿಸಿದಾಗ 1ಕ್ಕಿಂತ ಕಡಿಮೆ ಬಂದರೆ ಡ್ರೈ, 1ರಿಂದ 2 ಮೀಡಿಯಂ ಡ್ರೈ, 2ರಿಂದ 4 ಮೀಡಿಯಂ ಸ್ವೀಟ್, ಅದರ ಮೇಲೆ ಸ್ವೀಟ್. ಪಿಎಚ್ (ಹುಳಿಯ ತೀಕ್ಷ್ಣತೆಯ ಅಳತೆ, ಅಂಕಿ ಹೆಚ್ಚಿದಷ್ಟೂ ತೀಕ್ಷ್ಣತೆ ಕಡಿಮೆ) ಹೆಚ್ಚಿದ್ದರೆ ಒಂದು ಮೆಟ್ಟಿಲು ಸಿಹಿಯ ಕಡೆ ಸರಿಸುತ್ತಾರೆ. ಬಿಳಿ ವೈನುಗಳ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಲೆಕ್ಕ ನನಗೆ ಗೊತ್ತಿಲ್ಲ. ಕೆಂಪು ವೈನಿಗೆ ಮಾತ್ರ ಇದು ಸಾಲದು, ಅಲ್ಲಿ ಟ್ಯಾನಿನ್ ಬಂದು ಕೂತಿರುತ್ತದೆ.

ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತದೆ. ಬಾಯಿಯ ಜಾರುತನ ಹೋಗಿ ಒಸಡು, ಕೆನ್ನೆಯ ಒಳಭಾಗ ಎಲ್ಲ ಒಗರೊಗರಾಗಿ ಬಿಗಿದಂತಾಗುತ್ತದೆ. ಬಾಯಿ ಒಣಗಿತಲ್ಲ, ಇದು ಡ್ರೈ ಎಂದು ಜನ ತೀರ್ಮಾನಿಸುತ್ತಾರೆ. ಆದರೆ ಒಗರಿಗೂ ಸಕ್ಕರೆಗೂ ಸಂಬಂಧವಿಲ್ಲ. ಒಗರೂ ಸಿಹಿಯೂ ಒಂದೇ ಗ್ಲಾಸಿನಲ್ಲಿರಲು ಅಡ್ಡಿಯಿಲ್ಲ, ಹೊಸ ವಿಂಟೇಜ್ ಪೋರ್ಟ್ ಅದಕ್ಕೆ ಸಾಕ್ಷಿ. ಇದರ ಲಾಭ ಪಡೆಯುವ ಕೆಂಪು ವೈನುಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಲೀಟರಿಗೆ 8ರಿಂದ 15 ಗ್ರಾಂ ಸಕ್ಕರೆ ಬಿಟ್ಟು ಟ್ಯಾನಿನ್ನಿನ ಅಂಚು ಮಟ್ಟ ಮಾಡಿರುತ್ತಾರೆ. ಕುಡಿದವರು ಅದನ್ನು ಸಿಹಿ ಅನ್ನುವುದಿಲ್ಲ, ‘ನುಣುಪಾಗಿದೆ’ ಅನ್ನುತ್ತಾರೆ.

ಆಲ್ಕೋಹಾಲಿಗೆ ತನ್ನದೇ ಮಂದ ಸಿಹಿಯಿದೆ. ಶೇ. 14.5ರ ಪೂರ್ತಿ ಡ್ರೈ ವೈನು ಕೊನೆಯಲ್ಲಿ ಸ್ವಲ್ಪ ಸಿಹಿ ಬಿಟ್ಟುಹೋದಂತೆ ಅನ್ನಿಸುವುದು ಹೆಚ್ಚಾಗಿ ಅದರಿಂದ ಮತ್ತು ಬಿಸಿಲ ನಾಡಿನ ಹಣ್ಣಿನ ಕಡಿಮೆ ಹುಳಿಯಿಂದ. ತಂಪು ಸಿಹಿಯನ್ನು ಕುಗ್ಗಿಸುತ್ತದೆ. ಸೊತೆರ್ನ್‌ನಂಥದ್ದನ್ನು 8ರಿಂದ 10 ಡಿಗ್ರಿಯಲ್ಲಿ ಕೊಡುವುದು ಅದಕ್ಕೇ, 20 ಡಿಗ್ರಿಗೆ ಬಂದರೆ ಅದು ಮುಖ ಕಟ್ಟುತ್ತದೆ. ಅದೇ ತಂಪು ಒಗರನ್ನು ಎತ್ತಿ ತೋರಿಸುವುದರಿಂದ ಟ್ಯಾನಿನ್ ಜಾಸ್ತಿಯಿರುವ ಕೆಂಪು ವೈನನ್ನು ಫ್ರಿಜ್ಜಿನಿಂದ ನೇರವಾಗಿ ಕುಡಿಯಬಾರದು. ನೊರೆಯ ಚುಚ್ಚು, ಅದರ ಜತೆಗಿನ ಹುಳಿ ಕೂಡ ಸಿಹಿಯನ್ನು ಹಿಂದಕ್ಕೆ ತಳ್ಳುತ್ತವೆ. ಬ್ರೂಟ್ ಶಾಂಪೇನಿನ ಬುರುಗು ಇಳಿದುಹೋದ ಮೇಲೆ ಕುಡಿದು ನೋಡಿ, ಅಡಗಿದ್ದ 8–9 ಗ್ರಾಂ ಆಗ ಹೊರಬೀಳುತ್ತದೆ.

ಮನೆಯಲ್ಲಿ ಮಾಡುವವರಿಗೆ

ವೈನು ಮಾಡುವ ಹವ್ಯಾಸಿಗಳು ಡ್ರೈ ಆಯಿತೇ ಇಲ್ಲವೇ ಎಂದು ತಿಳಿಯಲು ಹೈಡ್ರೋಮೀಟರ್ ಬಳಸುತ್ತಾರೆ. ಅದು ದ್ರವದ ಸಾಂದ್ರತೆ ಅಳೆಯುವ ತೇಲುಗೊಳವೆ, ಬರೀ ನೀರಿನಲ್ಲಿ 1.000 ತೋರಿಸುತ್ತದೆ. 1.000 ತೋರಿಸಿದೊಡನೆ ಸಕ್ಕರೆ ಮುಗಿಯಿತು ಎಂದುಕೊಳ್ಳುವುದು ಎಲ್ಲರೂ ಬೀಳುವ ಗುಂಡಿ. ಆಲ್ಕೋಹಾಲು ನೀರಿಗಿಂತ ಹಗುರ, ಹಾಗಾಗಿ ಪೂರ್ತಿ ಹುದುಗಿದ ವೈನಿನ ಸಾಂದ್ರತೆ 0.990ರಿಂದ 0.996ರ ನಡುವೆ ನಿಲ್ಲುತ್ತದೆ. 1.000 ಅಂದರೆ ಇನ್ನೂ ಲೀಟರಿಗೆ 15–20 ಗ್ರಾಂ ಬಾಕಿ ಇರಬಹುದು. ಅಳೆಯುವ ಮುನ್ನ ಸ್ಯಾಂಪಲ್ಲನ್ನು ಚೆನ್ನಾಗಿ ಕುಲುಕಿ ಗ್ಯಾಸ್ ಬಿಡಿಸಬೇಕು. ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲೆತ್ತಿದರೆ ಅಂಕಿ ತಪ್ಪುತ್ತದೆ. ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಹಣ್ಣಿನ ರಸಕ್ಕೆ ಒಳ್ಳೆಯದು, ಹುದುಗಿದ ಮೇಲೆ ಅದನ್ನು ನಂಬಬಾರದು. ಆಲ್ಕೋಹಾಲು ಬೆಳಕನ್ನು ಬಾಗಿಸುವುದರಿಂದ ಡ್ರೈ ವೈನಿನಲ್ಲೂ ಅದು ಸುಮಾರು 6–7 ಬ್ರಿಕ್ಸ್ (ತೂಕದಲ್ಲಿ ಶೇಕಡಾ ಸಕ್ಕರೆ) ತೋರಿಸಿಬಿಡುತ್ತದೆ.

ಹುದುಗುವಿಕೆ ನಡುವೆ ನಿಂತರೆ ಮೊದಲು ಶಂಕಿಸಬೇಕಾದ್ದು ಶಾಖವನ್ನು. 35 ಡಿಗ್ರಿ ದಾಟಿದರೆ ಯೀಸ್ಟು ಸೋಲುತ್ತದೆ. ಆಮೇಲೆ ರಸದಲ್ಲಿನ ಸಾರಜನಕದ ಕೊರತೆ. ಹೀಗೆ ನಿಂತ ವೈನನ್ನು ಸಿಹಿ ವೈನು ಎಂದು ಬಾಟಲಿಗೆ ತುಂಬಬಾರದು. ಒಳಗೆ ಸತ್ತಿರದ ಯೀಸ್ಟು ಕಾಲ ಬಂದಾಗ ಏಳುತ್ತದೆ. ಮುಚ್ಚಿದ ಬಾಟಲಿಯಲ್ಲಿ ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹುಟ್ಟುತ್ತದೆ. ಶಾಂಪೇನಿನವರು ದಪ್ಪ ಬಾಟಲಿಯಲ್ಲಿ 24 ಗ್ರಾಂ ಹಾಕಿ 6 ವಾಯುಭಾರ ಪಡೆಯುವುದು ಇದೇ ಲೆಕ್ಕದಲ್ಲಿ. ಮಾಮೂಲಿ ಬಾಟಲಿಯಲ್ಲಿ ಅಷ್ಟಾದರೆ ಕಾರ್ಕ್ ಹಾರುತ್ತದೆ, ಇಲ್ಲವೇ ಗಾಜು ಒಡೆಯುತ್ತದೆ.

ಸಿಹಿ ಬೇಕಿದ್ದರೆ ಪೂರ್ತಿ ಡ್ರೈ ಆಗಲು ಬಿಟ್ಟು, ತಿಳಿಯಾದ ಮೇಲೆ ಸಕ್ಕರೆ ಸೇರಿಸುವುದೇ ಕ್ಷೇಮ. ಎಷ್ಟು ಎಂಬುದನ್ನು ಮೊದಲು ಸಣ್ಣ ಪ್ರಮಾಣದಲ್ಲಿ ನೋಡಬೇಕು. 500 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಪಾಕ ಮಾಡಿಕೊಳ್ಳಿ. ಅದರ 1 ಮಿಲಿಯಲ್ಲಿ ಅರ್ಧ ಗ್ರಾಂ ಸಕ್ಕರೆ. 100 ಮಿಲಿ ವೈನಿಗೆ 1 ಮಿಲಿ ಹಾಕಿದರೆ ಲೀಟರಿಗೆ ಸುಮಾರು 5 ಗ್ರಾಂ, 2 ಮಿಲಿ ಹಾಕಿದರೆ 10 ಗ್ರಾಂ. ನಾಲ್ಕೈದು ಗ್ಲಾಸು ಸಾಲಾಗಿಟ್ಟು, ಕುಡಿಯುವ ತಂಪಿನಲ್ಲೇ ರುಚಿ ನೋಡಿ. ಕೋಣೆಯ ಶಾಖದಲ್ಲಿ ನೋಡಿದರೆ ಸಕ್ಕರೆ ಕಡಿಮೆ ಹಾಕುತ್ತೀರಿ, ತಣ್ಣಗಾದಾಗ ಹುಳಿ ಹೊಡೆಯುತ್ತದೆ.

ಪೂರ್ತಿ ಜಾಡಿಗೆ ಸೇರಿಸುವ ಮೊದಲು ಪೊಟ್ಯಾಶಿಯಂ ಸಾರ್ಬೇಟ್ ಲೀಟರಿಗೆ 0.2 ಗ್ರಾಂನಂತೆ, ಜತೆಗೆ ಪಿಎಚ್‌ಗೆ ತಕ್ಕಷ್ಟು ಮೆಟಾಬೈಸಲ್ಫೈಟ್ (ಗಂಧಕದ ಡೈಆಕ್ಸೈಡ್ ಬಿಡುವ ಪುಡಿ) ಹಾಕಬೇಕು. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಹೊಸದಾಗಿ ಹೆಚ್ಚದಂತೆ ತಡೆಯುತ್ತದೆ ಅಷ್ಟೇ. ಹುದುಗುತ್ತಿರುವ, ಕದಡಿದ ವೈನಿಗೆ ಹಾಕಿ ಪ್ರಯೋಜನವಿಲ್ಲ. ಮೆಟಾಬೈಸಲ್ಫೈಟ್ ಬಿಟ್ಟು ಸಾರ್ಬೇಟ್ ಒಂದನ್ನೇ ಹಾಕುವುದು ಇನ್ನೂ ಕೆಟ್ಟದ್ದು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸಾರ್ಬೇಟನ್ನು ಒಡೆದು ಜೆರೇನಿಯಂ ಎಲೆ ಹೊಸಕಿದಂಥ ವಾಸನೆ ಎಬ್ಬಿಸುತ್ತವೆ. ಒಮ್ಮೆ ಆ ವಾಸನೆ ಬಂದರೆ ತೆಗೆಯುವ ಉಪಾಯವಿಲ್ಲ, ಚೆಲ್ಲಬೇಕು.

ಸಕ್ಕರೆ ಸೇರಿಸಿದ ದಿನವೇ ಬಾಟಲಿಗೆ ತುಂಬಬೇಡಿ. ಏರ್‌ಲಾಕ್ (ಒಳಗಿನ ಗ್ಯಾಸ್ ಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳ) ಹಾಕಿ 20 ಡಿಗ್ರಿ ಆಸುಪಾಸಿನಲ್ಲಿ ಎರಡು ಮೂರು ವಾರ ಇಟ್ಟು, ಮೊದಲ ದಿನ ಬರೆದಿಟ್ಟ ಹೈಡ್ರೋಮೀಟರ್ ಅಂಕಿಯನ್ನು ಮತ್ತೆ ನೋಡಿ. ಒಂದು ಗೆರೆ ಕೆಳಗಿಳಿದಿದ್ದರೂ ಯೀಸ್ಟು ಎದ್ದಿದೆ ಎಂದರ್ಥ. ಇನ್ನಷ್ಟು ದಿನ ಏರ್‌ಲಾಕಿನಲ್ಲೇ ಬಿಡಿ. ಅಂಕಿ ಕದಲದಿದ್ದರೆ ಮಾತ್ರ ಕಾರ್ಕ್ ಹಾಕಿ.